ನಾಲಿಗೆ ಮನೆಯ ಬಾಯಿ

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಮುಟ್ಟಿಸಿದವನು ಮುಲುಂಡಿನ ಒಬ್ಬ ಸಿಮೆಂಟು ವ್ಯಾಪಾರಿ. ಸ್ಟೇಷನ್ನಿನ ಸೇತುವೆಯ ಮೇಲೆ ನನ್ನನ್ನು ತಡೆದು ನಿಲ್ಲಿಸಿ, ಮೊದಲು ತನ್ನ ಮಂಡಿನೋವು ಹೇಳಿಕೊಂಡ, ಆಮೇಲೆ ಅಳಿಯನ ಸೋಮಾರಿತನ. ಅದೆಲ್ಲ ಮುಗಿದ ಮೇಲೆ, ಏನೋ ಮರೆತದ್ದು ನೆನಪಾದವನಂತೆ, ‘ಹಾಂ, ನಿಮ್ಮ ಬಾಯಿ ಹೋದರಂತಲ್ಲ, ಪುಣೆಯಲ್ಲಿ ತಂಗಿಯ ಮನೆಯಲ್ಲಿ’ ಎಂದ. ನಾನು ಕಂಬಿ ಹಿಡಿದು ಅಲ್ಲೇ ನಿಂತುಬಿಟ್ಟೆ. ಲೋಕಲ್ ಹಿಡಿಯುವ ಅವಸರದಲ್ಲಿದ್ದ ಹಿಂದಿನವರು ಬೈದರು. ಬೈಯಲಿ. ಅವರಿಗೇನು ಗೊತ್ತು.

ಬಾಯಿ ಎಂದರೆ ಇಲ್ಲಿ ಮರಾಠಿಯ ಬಾಯಿ, ಅಮ್ಮಾ ಎಂದು ನಾವು ಕರೆಯುವ ಹಾಗೆ. ಬೈಕುಲ್ಲಾದ ನಮ್ಮ ಆಫೀಸಿನಲ್ಲಿ ಸಿಪಾಯಿಯಿಂದ ಹಿಡಿದು ಕಂತ್ರಾಟುದಾರರವರೆಗೆ ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ಗದಗಿನ ಕಡೆಯಿಂದ ಆಗತಾನೆ ಬಂದಿದ್ದ ನನಗೆ ಮಾತ್ರ ಪ್ರತಿ ಸಲವೂ ಅದು ಕನ್ನಡದ ಬಾಯಿಯಾಗಿಯೇ ಕೇಳಿಸುತ್ತಿತ್ತು, ನಗು ಬರುತ್ತಿತ್ತು. ಒಂದು ದಿನ ಅವರಿಗೆ ಗೊತ್ತಾಯಿತು. ‘ಅವರು ಮರಾಠಿಯಲ್ಲಿ ಕರೀತಾರೆ, ನೀನು ಕನ್ನಡದಲ್ಲಿ ಕೇಳಿಸ್ಕೋತೀಯ. ಕೇಳಿಸ್ಕೋ, ತಪ್ಪೇನಿಲ್ಲ. ನನ್ನ ಬಾಯಿ ಎಂಥದ್ದು ಅಂತ ಈ ಊರಿನ ಮೇಸ್ತ್ರಿಗಳಿಗೆಲ್ಲ ಗೊತ್ತು’ ಎಂದರು. ಅದು ನಿಜವೂ ಆಗಿತ್ತು.

ಅವರು ಆರ್ಕಿಟೆಕ್ಟ್. ನಾನು ಅವರ ಕೈಕೆಳಗೆ ಡ್ರಾಫ್ಟ್ಸ್‌ಮನ್, ಅಂದರೆ ಅವರು ಪೆನ್ಸಿಲಿನಲ್ಲಿ ಗೀಚಿದ್ದನ್ನು ಶಾಯಿಯಲ್ಲಿ ಚೊಕ್ಕವಾಗಿ ಬರೆಯುವವನು. ಮೈಸೂರಿನ ಮಡಿಯ ಮನೆಯ ಹುಡುಗಿ ಆ ಕಾಲದಲ್ಲಿ ಮುಂಬೈಗೆ ಬಂದು ಆರ್ಕಿಟೆಕ್ಟ್ ಆದದ್ದು ಹೇಗೆ ಎಂದು ನನ್ನನ್ನು ಕೇಳಬೇಡಿ. ನಾನೂ ಒಮ್ಮೆ ಧೈರ್ಯಮಾಡಿ ಕೇಳಿದ್ದೆ. ‘ಟ್ರೇನ್ ಹತ್ತಿ’ ಎಂದಿದ್ದರು. ಮದುವೆ ಯಾಕಾಗಲಿಲ್ಲ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆಫೀಸು ಎಂದರೆ ದೊಡ್ಡದೇನಲ್ಲ. ಕೆಳಗೆ ಕಬ್ಬಿಣ ಕತ್ತರಿಸುವ ವರ್ಕ್‌ಶಾಪ್, ಪಕ್ಕದಲ್ಲಿ ಇರಾನಿ ಹೋಟೆಲು, ಮರದ ಮೆಟ್ಟಿಲು ಹತ್ತಿದರೆ ನಮ್ಮ ಒಂದು ಕೋಣೆ. ನಾನು ನಕ್ಷೆ ಮುಗಿಸಿ ಅವರ ಮುಂದೆ ಹಾಸಿದರೆ ಅವರು ಅಳತೆ ನೋಡುತ್ತಿರಲಿಲ್ಲ, ಗೆರೆ ನೋಡುತ್ತಿರಲಿಲ್ಲ. ಮೊದಲು ‘ಒಲೆ ಎಲ್ಲಿ?’ ಎನ್ನುತ್ತಿದ್ದರು. ನಾನು ಬೆರಳಿಟ್ಟು ತೋರಿಸಬೇಕು. ‘ಅಲ್ಲಿ ನಿಂತವಳಿಗೆ ಏನು ಕಾಣುತ್ತೆ?’ ಗೋಡೆ ಎಂದು ನಾನು ಹೇಳಿದೆನೋ, ಮುಗಿಯಿತು. ಹಾಳೆ ಸುತ್ತಿ ಕೈಗೆ ಕೊಡುತ್ತಿದ್ದರು. ನಾನು ಒಳಗೊಳಗೇ ಬೈದುಕೊಂಡು ಮತ್ತೆ ಬರೆಯುತ್ತಿದ್ದೆ. ಆಮೇಲೆ ಆ ಮನೆ ಕಟ್ಟಿ ಮುಗಿದು, ಅಡುಗೆಮನೆಯಲ್ಲಿ ನಿಂತ ಹೆಂಗಸು ಕಿಟಕಿಯಿಂದ ಬೀದಿಯ ತರಕಾರಿಯವನನ್ನು ಕೂಗುವುದನ್ನು ನೋಡಿದಾಗ ಬೈದದ್ದಕ್ಕೆ ನಾಚಿಕೆಯಾಗುತ್ತಿತ್ತು.

ತಲೆಯ ತುಂಬ ಹೇರ್‌ಪಿನ್ನು. ಗಂಟು ಹಾಕಿದ ಕೂದಲಿನಿಂದ ಒಂದನ್ನು ಎಳೆದು ಪೆನ್ನಿನ ಮೊನೆ ಬಿಡಿಸುವುದು, ಸೀಮೆಎಣ್ಣೆ ಸ್ಟೌವಿನ ತೂತು ತೆಗೆಯುವುದು, ಒದ್ದೆ ಪ್ಲಾಸ್ಟರು ಚುಚ್ಚಿ ನೋಡುವುದು, ಎಲ್ಲವೂ ಅದರಲ್ಲೇ. ಯಾವ ಮನೆಗೆ ಹೋದರೂ ಒಳಗೆ ಕಾಲಿಟ್ಟ ತಕ್ಷಣ ಗೋಡೆಯ ಮೇಲೆ ಅಂಗೈ ಇಡುತ್ತಿದ್ದರು, ಮಗುವಿಗೆ ಜ್ವರ ನೋಡುವ ಹಾಗೆ. ಕುಶಲ ಕೇಳುವುದು ಅದಾದ ಮೇಲೆಯೇ.

ನಾನು ಸೇರುವ ಹೊತ್ತಿಗೆ, ಅರವತ್ತರ ದಶಕದ ಕೊನೆಯಲ್ಲಿ, ಅವರ ಹೆಸರು ಕೊಂಚ ಹಿಂದಾಗಿತ್ತು. ಅದಕ್ಕೂ ಮುಂಚೆ, ತಮ್ಮ ಹರೆಯದಲ್ಲಿ, ಅವರು ಉಪನಗರಗಳಲ್ಲಿ ಕೆಲವು ಮನೆ ಕಟ್ಟಿದ್ದರು. ಹೆಂಚಿಲ್ಲ, ಕಮಾನಿಲ್ಲ, ಹೂಬಳ್ಳಿಯ ಕೆತ್ತನೆಯಿಲ್ಲ. ಚಪ್ಪಟೆ ತಾರಸಿ, ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಕಿಟಕಿ, ಬರೀ ಕಾಂಕ್ರೀಟು ಮತ್ತು ಗಾಳಿ. ಜನ ಅವನ್ನು ಬೆಂಕಿಪೊಟ್ಟಣ ಎನ್ನುತ್ತಿದ್ದರು. ಕಟ್ಟಿಸಿದವರು ಮಾತ್ರ ಬಿಟ್ಟುಹೋಗಲು ಮನಸ್ಸಿಲ್ಲದೆ ಅಲ್ಲೇ ಮುದುಕರಾದರು. ಅವರು ಹೋದ ಮೇಲೆ ಮಕ್ಕಳು ಮಾರಿದರು, ಕೊಂಡವರು ಮತ್ತೊಬ್ಬರಿಗೆ ಮಾರಿದರು. ಮುಂಬೈಯಲ್ಲಿ ಮನೆಯ ಹಣೆಬರಹವೇ ಅಷ್ಟು.

ಈ ಕೈಬದಲುಗಳೆಲ್ಲ ಬಾಯಿಗೆ ಹೇಗೋ ಗೊತ್ತಾಗುತ್ತಿದ್ದವು. ‘ಕಾಂದಿವಲಿಯವಳನ್ನ ಬಣ್ಣದ ವ್ಯಾಪಾರಿಗೆ ಕೊಟ್ಟಿದ್ದಾರಂತೆ ಕಣಯ್ಯ. ಭಾನುವಾರ ಹೋಗಿ ಒಪ್ಪಿಸಿ ಬರೋಣ’ ಎನ್ನುತ್ತಿದ್ದರು. ಮದುವೆಯ ಕೊನೆಗೆ ನಮ್ಮಲ್ಲಿ ಹೆಣ್ಣೊಪ್ಪಿಸುವ ಶಾಸ್ತ್ರವಿದೆಯಲ್ಲ, ಹೆತ್ತವರು ಕಣ್ಣೀರು ಹಾಕುತ್ತ ಮಗಳ ಕೈಯನ್ನು ಅತ್ತೆಮಾವನ ಕೈಗೆ ಕೊಡುವುದು, ಅದೇ. ಯಾರೂ ಕರೆಯದಿದ್ದರೂ ಹೋಗುತ್ತಿದ್ದರು, ನನ್ನನ್ನೂ ಎಳೆದುಕೊಂಡು. ನನ್ನ ಭಾನುವಾರಗಳೆಲ್ಲ ಹೀಗೆ ಹಾಳಾದವು ಎಂದು ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ.

ಹೋಗಿ ಮಾಡುತ್ತಿದ್ದದ್ದಾದರೂ ಏನು? ಮನೆಯ ಗುಣ ಹೇಳಿಬರುವುದು. ಜೂನ್ ತಿಂಗಳಲ್ಲಿ ಈ ಕಿಟಕಿ ಮುಚ್ಚಿ, ಆ ಕಿಟಕಿ ತೆರೆಯಿರಿ. ಈ ಗೋಡೆಗೆ ಮೊಳೆ ಹೊಡೆಯಬೇಡಿ, ಒಳಗೆ ನೀರಿನ ಪೈಪಿದೆ. ಬೆಳಗಿನ ಜಾವ ಇವಳು ಟಕ್ ಟಕ್ ಅಂತಾಳೆ, ಹೆದರಬೇಡಿ, ಬಿಸಿಲಿಗೆ ಮೈ ಮುರೀತಾಳೆ ಅಷ್ಟೆ. ಕಾಂದಿವಲಿಯ ಬಣ್ಣದ ವ್ಯಾಪಾರಿಗೆ ನಮ್ಮ ಮೇಲೆ ಭಾರಿ ಗುಮಾನಿ. ಹಳೇ ಮಾಲೀಕರ ಸಂಬಂಧಿಕರು, ಏನೋ ಹಕ್ಕು ಸ್ಥಾಪಿಸಲು ಬಂದಿದ್ದಾರೆ ಎಂದುಕೊಂಡ. ನಮ್ಮನ್ನು ಗೇಟಿನಲ್ಲೇ ನಿಲ್ಲಿಸಿ, ವಕೀಲನಾಗಿದ್ದ ತನ್ನ ಭಾವನನ್ನು ಕರೆಸಿದ. ಭಾವ ಬರುವಷ್ಟರಲ್ಲಿ ಬಾಯಿ ಗೇಟಿನ ಹೊರಗಿನಿಂದಲೇ ಎಲ್ಲವನ್ನೂ ಹೇಳಿ ಮುಗಿಸಿದ್ದರು.

ಅದೇ ಮನೆಗೆ ಮುಂದಿನ ವರ್ಷ ಹೋದೆವು. ಮೂಲೆಯ ಗಾಜಿನ ಕಿಟಕಿಯನ್ನು ಇಟ್ಟಿಗೆಯಿಂದ ಮುಚ್ಚಿ ಅದರ ಮೇಲೆ ಗುಲಾಬಿ ಬಣ್ಣ ಹೊಡೆದಿದ್ದ, ಪುಣ್ಯಾತ್ಮ. ಮೂಲೆಯಲ್ಲಿ ಕಂಬವಿಲ್ಲದೆ ಗಾಜಿಗೆ ಗಾಜು ಕೂಡಿಸಿದ್ದ ಆ ಕಿಟಕಿಯ ನಕ್ಷೆಯನ್ನು ನಾನು ಪೂಜೆಯ ಪಟದ ಹಾಗೆ ಜೋಪಾನ ಮಾಡಿದ್ದೆ. ನನಗೆ ಮೈಯೆಲ್ಲ ಉರಿಯಿತು. ಬಾಯಿ ಗುಲಾಬಿ ಗೋಡೆಯ ಮೇಲೆ ಅಂಗೈ ಇಟ್ಟು, ‘ತಣ್ಣಗಿದೆ’ ಎಂದರು. ದಾರಿಯಲ್ಲಿ ನಾನು ಕೂಗಾಡಿದೆ. ‘ಯಾಕಯ್ಯಾ ನಿನಗೆ ಸಿಟ್ಟು? ಕೊಟ್ಟ ಮೇಲೆ ಆ ಮನೆ ಅಡುಗೆ ಅವಳು ಕಲೀಬೇಕಲ್ವಾ?’ ಎಂದರು. ಅಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ, ಈಗಲೂ ಇಲ್ಲ.

ಅವರ ಮನೆಗಳಲ್ಲೆಲ್ಲ ಮೊದಲನೆಯದು ಮುಲುಂಡಿನಲ್ಲಿತ್ತು, ನನ್ನ ಬಿಲ್ಡಿಂಗಿನಿಂದ ಸ್ಟೇಷನ್ನಿಗೆ ಹೋಗುವ ದಾರಿಯಲ್ಲೇ. ಕಟ್ಟಿಸಿದವರು ನಿವೃತ್ತ ರೈಲ್ವೆ ಅಧಿಕಾರಿ. ಅವರ ಮಕ್ಕಳಿಂದ ಅದು ಒಬ್ಬ ಔಷಧಿ ಏಜೆಂಟನಿಗೆ ಹೋಯಿತು, ಅವನಿಂದ ಐಸ್ ಫ್ಯಾಕ್ಟರಿಯವನಿಗೆ. ಮೊದಲ ಮಹಡಿಯಿಂದ ಒಂದು ದೊಡ್ಡ ಕಾಂಕ್ರೀಟಿನ ಹಾಸು ಮುಂದಕ್ಕೆ ಚಾಚಿಕೊಂಡಿತ್ತು. ಕೆಳಗೆ ಒಂದೇ ಒಂದು ಕಂಬವಿಲ್ಲ. ಅದರ ನೆರಳಿನಲ್ಲಿ ಎರಡು ಮೋಟಾರು ನಿಂತರೂ ಜಾಗ ಮಿಗುತ್ತಿತ್ತು. ಇಡೀ ಗಲ್ಲಿ ಅದನ್ನು ಮರಾಠಿಯಲ್ಲಿ ನಾಲಿಗೆ ಬಂಗಲೆ ಎನ್ನುತ್ತಿತ್ತು. ಬೆಳಿಗ್ಗೆ ಆಫೀಸಿಗೆ ಹೋಗುವಾಗ ನಾನು ಕೆಲವು ಸಲ ಬೇಕೆಂದೇ ಅದರ ಕೆಳಗೆ ನಿಂತು ತಲೆ ಎತ್ತಿ ನೋಡುತ್ತಿದ್ದೆ. ಇದನ್ನು ಮಾಡಿದವರ ಎದುರಿನ ಮೇಜಿನಲ್ಲಿ ನಾನು ಕೂರುತ್ತೇನೆ ಎಂದು ಎದೆ ಉಬ್ಬುತ್ತಿತ್ತು. ಯಾವ ದೇವಸ್ಥಾನದಲ್ಲೂ ನನಗೆ ಹಾಗಾದದ್ದಿಲ್ಲ.

ಎಪ್ಪತ್ತರ ದಶಕದ ನಡುವೆ ಮುಲುಂಡಿನ ಬಂಗಲೆಗಳಿಗೆ ಗ್ರಹಚಾರ ಶುರುವಾಯಿತು. ಒಂದೊಂದಾಗಿ ಬಿಲ್ಡರುಗಳ ಪಾಲಾಗಿ, ಆ ಜಾಗದಲ್ಲಿ ಹೌಸಿಂಗ್ ಸೊಸೈಟಿಗಳು ಎದ್ದವು. ಐಸ್ ಫ್ಯಾಕ್ಟರಿಯವನೂ ಮಾರಿದ. ಬಾಯಿಗೆ ಹೇಳಿದಾಗ, ‘ಬಿಲ್ಡರಿಗೆ ಏನಂತ ಒಪ್ಪಿಸೋದು?’ ಎಂದು ಪೆನ್ಸಿಲು ಕೆತ್ತುತ್ತ ಕೂತರು. ಆ ಭಾನುವಾರ ಮಾತ್ರ ನಾವು ಎಲ್ಲಿಗೂ ಹೋಗಲಿಲ್ಲ.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ನಾನು ಆ ದಾರಿಯಲ್ಲಿ ಬರುವಾಗ ಮನೆ ಕೆಡವುವವರು ಬಂದಿದ್ದರು. ಗುದ್ದಲಿ, ಸುತ್ತಿಗೆ, ಬುಟ್ಟಿ; ಮಾತು ಕೇಳಿದರೆ ನಮ್ಮ ವಿಜಾಪುರದ ಕಡೆಯ ಜನ. ನಾಲಿಗೆಯ ಕೆಳಗೆ ತಂಪಾಗಿತ್ತಲ್ಲ, ಅಲ್ಲಿ ಹೆಂಗಸರು ಸೀರೆಯ ಜೋಳಿಗೆ ಕಟ್ಟಿ ಕೂಸುಗಳನ್ನು ಮಲಗಿಸಿದ್ದರು. ನಾನು ನೋಡಿಯೂ ನೋಡದವನ ಹಾಗೆ ಟ್ರೇನ್ ಹಿಡಿದೆ. ಆಫೀಸಿಗೆ ಬಂದು, ‘ಬಾಯಿ, ಇವತ್ತ ನಾಲಿಗಿ ಮನಿ ಕೆಡವಾಕ ಹತ್ಯಾರ್ರಿ’ ಎಂದೆ.

ಅವರು ತಲೆಯೆತ್ತದೆ, ‘ಎಲ್ಲಿಂದ ಶುರು ಮಾಡಿದ್ದಾರೆ?’ ಎಂದರು.

‘ಹಿಂದಿನಿಂದ. ಮ್ಯಾಲಿನ ನೀರಿನ ಟಾಕಿ ಆಗಲೇ ಇಳಿಸ್ಯಾರ. ಇವತ್ತ ಹಿಂದಿನ ಗ್ವಾಡಿ ಒಡಿಯಾಕತ್ಯಾರ.’

ಪೆನ್ಸಿಲು ನಿಂತಿತು. ‘ಮುಂದೆ, ಸ್ಲ್ಯಾಬಿನ ಕೆಳಗೆ?’

‘ಕೂಸುಗಳ ಜೋಳಿಗಿ ಕಟ್ಟ್ಯಾರ್ರಿ, ನೆಳ್ಳಿಗೆ.’

ಅವರು ಎದ್ದ ರಭಸಕ್ಕೆ ಸ್ಟೂಲು ಉರುಳಿತು. ಮರದ ಮೆಟ್ಟಿಲನ್ನು ಅಷ್ಟು ಬೇಗ ಇಳಿದದ್ದನ್ನು ನಾನು ಎಂದೂ ನೋಡಿರಲಿಲ್ಲ. ಫೋನ್ ಮಾಡಲು ಅಲ್ಲಿ ಯಾರಿಗೆ ಮಾಡುವುದು? ಟ್ಯಾಕ್ಸಿಗಿಂತ ಲೋಕಲ್ಲೇ ಬೇಗ ಎಂದು ಸ್ಟೇಷನ್ನಿಗೆ ಓಡಿದೆವು.

ಊರ ಹೊರಗೆ ಹೋಗುವ ಗಾಡಿ ಆ ಹೊತ್ತಿನಲ್ಲಿ ಖಾಲಿ. ನನಗೆ ಇನ್ನೂ ವಿಷಯ ತಿಳಿದಿರಲಿಲ್ಲ. ಅವರು ನನ್ನ ಜೇಬಿನಲ್ಲಿದ್ದ ಅಡಿಪಟ್ಟಿಯನ್ನು ಕಿತ್ತುಕೊಂಡು ಸೀಟಿನ ಅಂಚಿನಿಂದ ಅರ್ಧ ಹೊರಗೆ ಚಾಚಿ ಇಟ್ಟರು, ಒಳತುದಿಯನ್ನು ಬೆರಳಿನಿಂದ ಒತ್ತಿ ಹಿಡಿದರು. ‘ಹೊರಗಿರೋದು ನಾಲಿಗೆ. ಈ ಬೆರಳು ಹಿಂದಿನ ಗೋಡೆ. ಗೋಡೆ ಮೇಲೆ ಟ್ಯಾಂಕು ಕೂತಿತ್ತು. ಆ ಭಾರ ಹಿಂದೆ ಒತ್ತಿ ಹಿಡಿದಿರೋದರಿಂದಲೇ ಇದು ಮುಂದೆ ನಿಂತಿರೋದು’ ಎಂದು ಬೆರಳು ತೆಗೆದರು. ಅಡಿಪಟ್ಟಿ ಮಗುಚಿ ನನ್ನ ಕಾಲ ಮೇಲೆ ಬಿತ್ತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ. ‘ಎಂಜಿನಿಯರು ಕಂಬ ಕೊಡೋಣ ಬಾಯಿ, ಒಂದೇ ಒಂದು ಕಂಬ ಅಂದ. ನಾನು ಹಟ ಮಾಡಿದೆ. ಕಂಬ ಕೊಟ್ಟರೆ ಅದು ಪೋರ್ಟಿಕೋ ಆಗುತ್ತೆ, ಎಲ್ಲರ ಮನೇಲೂ ಇರುತ್ತಲ್ಲ ಅದು ಅಂದೆ’ ಎಂದರು. ಆಮೇಲೆ ಮುಲುಂಡ್ ಬರುವವರೆಗೂ ಬಾಗಿಲಲ್ಲೇ ನಿಂತಿದ್ದರು.

ನಾವು ಮುಟ್ಟಿದಾಗ ನಾಲಿಗೆ ನಿಂತಿತ್ತು. ಹಿಂದೆ ಸುತ್ತಿಗೆಯ ಸದ್ದು ಧಡ್ ಧಡ್ ಎನ್ನುತ್ತಿತ್ತು. ಬಾಯಿ ಯಾರನ್ನೂ ಮಾತಾಡಿಸದೆ ನೇರ ಅದರ ಕೆಳಗೆ ನುಗ್ಗಿ, ಒಂದು ಜೋಳಿಗೆಯಿಂದ ಕೂಸನ್ನು ಎತ್ತಿಕೊಂಡು ರಸ್ತೆಯ ಕಡೆ ಹೊರಟರು. ಮಣ್ಣು ಹೊರುತ್ತಿದ್ದ ಅದರ ತಾಯಿ ಬುಟ್ಟಿ ಬಿಸಾಡಿ ಬೆನ್ನು ಹತ್ತಿದಳು. ‘ಏ ಬಾಯಾರ, ನನ್ನ ಕೂಸಿಗ್ಯಾಕ ಕೈ ಹಚ್ಚತೀರಿ? ಇಡ್ರಿ ಕೆಳಗ’ ಎಂದು ಬಾಯಿಗೆ ಬಂದದ್ದೆಲ್ಲ ಬೈದಳು. ‘ಬೈಯಮ್ಮ, ಆದರೆ ರಸ್ತೆಗೆ ಬಂದು ಬೈ’ ಎಂದು ಬಾಯಿ ನಡೆಯುತ್ತಲೇ ಇದ್ದರು. ನಾನು ಮಿಕ್ಕ ಜೋಳಿಗೆಗಳಿಗೆ ಕೈ ಹಾಕಿದೆ. ಹೆಂಗಸರೆಲ್ಲ ಜಗಳಕ್ಕೆಂದು ರಸ್ತೆಗೆ ಬಂದರು. ಅವರು ಬಂದದ್ದೇ ನಮಗೆ ಬೇಕಾಗಿತ್ತು.

ಬಿಲ್ಡರನ ಸೂಪರ್‌ವೈಸರ್ ಓಡಿಬಂದ. ಕೋರ್ಟಿನಿಂದ ಸ್ಟೇ ತಂದಿದ್ದೀರಾ ಎಂಬುದೇ ಅವನ ಮೊದಲ ಪ್ರಶ್ನೆ, ‘ಸ್ಟೇ ಲಾಯೀ ಹೈ ಕ್ಯಾ?’ ಎಂದು. ಅವನ ಹಿಂದೆಯೇ ಮುಕ್ಕದ್ದಮ, ಅಂದರೆ ಕೆಲಸದವರ ಮುಖಂಡ, ಬಂದ, ಬಿಳಿ ಮೀಸೆಯ ದೊಡ್ಡಾಳು. ಬಾಯಿ ಅವನಿಗೆ ಎಲ್ಲವನ್ನೂ ಹೇಳಿದರು, ಮೊದಲು ಮುಂದಿನದು ಕೆಡವಿ, ಹಿಂದಿನದು ಆಮೇಲೆ ಎಂದರು. ಅವನು ತಾಳ್ಮೆಯಿಂದ ಕೇಳಿ ತಲೆ ಅಲ್ಲಾಡಿಸಿದ.

‘ನಮ್ಮಪ್ಪನ ಕಾಲದಿಂದ ಮನಿ ಕೆಡವೂದ ನಮ್ಮ ಕೆಲಸರೀ ಬಾಯಾರ. ನೆಳ್ಳ ಕಡೀಗೆ ಕೆಡವೂದು, ಇದು ನಮ್ಮ ರೂಢಿ. ನೆಳ್ಳ ಮೊದಲ ಕೆಡವಿದ್ರ ಈ ಬಿಸಲಾಗ ಮಕ್ಕಳನ್ನ ಎಲ್ಲಿ ಹಾಕೂಣು? ಹೆಣ್ಮಕ್ಕಳು ಎಲ್ಲಿ ಕುಂತು ರೊಟ್ಟಿ ತಿನ್ನಬೇಕು?’

ಅವನ ಮಾತಿನಲ್ಲಿ ತಪ್ಪೇನಿತ್ತು? ಕಂಬವಿದ್ದ ಮನೆಗಳಲ್ಲಿ ಅದೇ ಸರಿಯಾದ ರೂಢಿ. ಈ ಒಂದು ಮನೆಯಲ್ಲಿ ಅದು ಕೊಲ್ಲುವ ರೂಢಿಯಾಗಿತ್ತು. ಹೆಂಗಸರು ಆಗಲೇ ಕೂಸುಗಳನ್ನು ಎತ್ತಿಕೊಂಡು ನೆರಳಿನ ಕಡೆ ತಿರುಗಿದ್ದರು. ‘ಹಂಗಾದ್ರ ಈ ಮನಿ ನಿಮ್ದೇನ್ರೀ?’ ಎಂದು ಮುಕ್ಕದ್ದಮ ಕೇಳಿದ.

‘ನಿಂತಿರೋವರೆಗೂ ಅವರಿವರದು. ಬಿದ್ದರೆ ನನ್ನದು’ ಎಂದರು ಬಾಯಿ. ‘ನಿನ್ನ ಕೈಮುಗೀತೀನಿ, ಒಂದು ಸಲ ಮೇಲೆ ಬಾ. ಆಮೇಲೆ ನಿನ್ನಿಷ್ಟ. ಅಲ್ಲೀವರೆಗೆ ಇವರನ್ನ ಇಲ್ಲೇ ನಿಲ್ಲಿಸು.’

ಅವರು ಕೈಮುಗಿದದ್ದಕ್ಕೋ ಏನೋ, ಅವನು ಹೆಂಗಸರಿಗೆ ನಿಲ್ಲಿ ಎಂದು ಕೈಸನ್ನೆ ಮಾಡಿ ಹಿಂದೆ ಬಂದ. ಕಿಟಕಿ ಬಾಗಿಲು ಕಿತ್ತ ಆ ಮನೆಯ ಮೊದಲ ಮಹಡಿಗೆ ಮೂವರೂ ಹತ್ತಿದೆವು. ನಾಲಿಗೆ ಗೋಡೆಗೆ ಕೂಡುವ ಬುಡದಲ್ಲಿ, ಬಾಗಿಲ ಹೊರಗೇ, ಉದ್ದಕ್ಕೂ ಒಂದು ಬಿರುಕು ಕಾಣಿಸಿತು. ಹೊಸ ಬಿರುಕು, ಒಳಗಿನ ಬಣ್ಣ ಇನ್ನೂ ಬೆಳ್ಳಗಿತ್ತು. ಬಾಯಿ ಹೊರಗೆ ಕಾಲಿಡದೆ ಬಾಗಿಲಲ್ಲೇ ಮಂಡಿಯೂರಿ ಕೂತು, ತಲೆಯಿಂದ ಒಂದು ಹೇರ್‌ಪಿನ್ ಎಳೆದು ಆ ಬಿರುಕಿನೊಳಗೆ ಒತ್ತಿ ತುರುಕಿದರು. ಅದು ಬಿಗಿಯಾಗಿ ನಿಂತಿತು. ‘ಎಳೆದು ನೋಡು’ ಎಂದರು. ಮುಕ್ಕದ್ದಮ ಎಳೆದ, ಬರಲಿಲ್ಲ. ‘ಈಗ ನೋಡ್ತಾ ಇರು.’

ಹಿಂದೆ ಸುತ್ತಿಗೆ ಬೀಳುತ್ತಲೇ ಇತ್ತು. ಒಂದು ಪೆಟ್ಟಿಗೆ ಪಿನ್ನು ಮಿಸುಕಾಡಿತು. ಇನ್ನೊಂದಕ್ಕೆ ವಾಲಿತು. ನಾವು ಮೂವರೂ ಆ ಕರೀ ತಂತಿಯನ್ನೇ ನೋಡುತ್ತಿದ್ದೆವು. ಮತ್ತೊಂದು ಪೆಟ್ಟು ಬಿದ್ದಾಗ ಪಿನ್ನು ತನ್ನಷ್ಟಕ್ಕೆ ಜಾರಿ ಬಿರುಕಿನೊಳಗೆ ಕಾಣದಂತೆ ಹೋಯಿತು.

ಮುಕ್ಕದ್ದಮ ಹಿಂದಕ್ಕೆ ತಿರುಗಿ ‘ಸುತ್ತಿಗಿ ನಿಂದರಸ್ರೋ’ ಎಂದ. ಸುತ್ತಿಗೆಯ ಸದ್ದಿನಲ್ಲಿ ಅದು ಯಾರಿಗೂ ಮುಟ್ಟಲಿಲ್ಲ. ಎರಡನೆಯ ಸಲ ಕೂಗಿದಾಗ ಕೇಳಿಸಿತು. ಆಮೇಲೆ ತಲೆಯ ಪಟಕಾ ತೆಗೆದು ಮುಖ ಒರೆಸಿಕೊಂಡು, ‘ಏನ್ ಮಾಡಬೇಕು ಹೇಳ್ರಿ ನಮ್ಮವ್ವಾ’ ಎಂದ.

ಮುಂದಿನದನ್ನು ನೆನೆದರೆ ಇವತ್ತಿಗೂ ನನ್ನ ಮೈ ಜುಮ್ಮೆನ್ನುತ್ತದೆ. ಬಾಯಿ ಒಡೆದ ಇಟ್ಟಿಗೆಯನ್ನು ಚೀಲದಲ್ಲಿ ತುಂಬಿಸಿ, ಹಿಂದೆ ತೊಲೆಗಳ ಮೇಲೆ ಮತ್ತೆ ಭಾರ ಹೇರಿಸಿದರು. ಸೂಪರ್‌ವೈಸರನನ್ನು ಗದರಿಸಿ, ಪಕ್ಕದ ಕಟ್ಟಡದ ಕೆಲಸದಿಂದ ಬಲ್ಲಿಗಳನ್ನು, ಅಂದರೆ ಆಧಾರಕ್ಕೆ ಕೊಡುವ ಮರದ ಗಳುಗಳನ್ನು, ತರಿಸಿದರು. ಅವನ್ನು ನಾಲಿಗೆಯ ಕೆಳಗೆ, ಬುಡದಿಂದ ಶುರುಮಾಡಿ ತುದಿಯವರೆಗೆ, ಒಂದೊಂದಾಗಿ ನಿಲ್ಲಿಸಿದರು. ನಿಲ್ಲಿಸುವವರ ಜೊತೆ ತಾವೂ ಕೆಳಗೆ ನಿಂತರು. ಮುಕ್ಕದ್ದಮ ಬೇಡವೆಂದರೂ ಕೇಳಲಿಲ್ಲ. ಜೀವಮಾನವೆಲ್ಲ ಬೇಡವೆಂದಿದ್ದ ಕಂಬಗಳನ್ನು ತಮ್ಮ ಕೈಯಿಂದಲೇ ಕೊಟ್ಟರು, ಪ್ರತಿಯೊಂದನ್ನೂ ತಟ್ಟಿ ನೋಡಿ. ಅವರ ಮುಖದಲ್ಲಿ ದುಃಖ ಹುಡುಕಿದೆ. ಅದಕ್ಕೆ ಅವರಿಗೆ ಪುರಸೊತ್ತು ಇರಲಿಲ್ಲ.

ಕೂಸುಗಳಿಗೆ ಎದುರು ಕಂಪೌಂಡಿನ ಬಾದಾಮಿ ಮರದ ಕೆಳಗೆ ಜಾಗವಾಯಿತು. ಅಲ್ಲಿದ್ದ ಕಟ್ಟಡದ ಹೆಂಗಸರು ತಾವಾಗಿ ಗೇಟು ತೆಗೆದು ನೀರು ತಂದುಕೊಟ್ಟರು. ಬಾಯಿ ಮರದ ಬುಡದಲ್ಲಿ ಕೂತು, ಒಂದು ಕೈಯಲ್ಲಿ ಜೋಳಿಗೆ ತೂಗುತ್ತ, ಎಲ್ಲಿ ಒಡೆಯಬೇಕು, ಎಲ್ಲಿ ತಡೆಯಬೇಕು ಎಂದು ಕೂಗಿ ಹೇಳಿದರು. ಆಳುಗಳು ಈಗ ಅವರ ಮಾತಿಲ್ಲದೆ ಸುತ್ತಿಗೆ ಎತ್ತುತ್ತಿರಲಿಲ್ಲ. ತುದಿಯಿಂದ ಶುರುವಾಗಿ, ಒಂದೊಂದೇ ಗೇಣು, ನಾಲಿಗೆ ಗಿಡ್ಡವಾಗುತ್ತ ಬಂತು. ಇಪ್ಪತ್ತೇಳರ ಹರೆಯದಲ್ಲಿ ತಾವು ಕಟ್ಟಿದ್ದನ್ನು ಅವರು ಹಿಂದುಮುಂದಾಗಿ ಮನಸ್ಸಿನಲ್ಲಿ ಓದುತ್ತಿದ್ದರು, ಒಂದು ಕಬ್ಬಿಣದ ಸಲಾಕೆಯನ್ನೂ ಮರೆಯದೆ. ಇಂಥವರ ಜೊತೆ ಕೆಲಸ ಮಾಡಿದೆನಲ್ಲ, ನಾನು ಪುಣ್ಯವಂತ ಎಂದು ಆ ಧೂಳಿನಲ್ಲಿ ನಿಂತು ಅಂದುಕೊಂಡೆ.

ಬಿಸಿಲು ಇಳಿಯುವ ಹೊತ್ತಿಗೆ ಬುಡದ ಒಂದು ತುಂಡು ಉಳಿದಿತ್ತು. ಎಲ್ಲರನ್ನೂ ದೂರ ನಿಲ್ಲಿಸಿ, ಕೊನೆಯ ಬಲ್ಲಿಗಳನ್ನು ಹಗ್ಗ ಕಟ್ಟಿ ರಸ್ತೆಯಿಂದಲೇ ಎಳೆಯಲು ಹೇಳಿದರು. ಎಳೆದರು. ತುಂಡು ಒಂದು ಕ್ಷಣ ತಡೆದು, ತನ್ನ ಭಾರಕ್ಕೆ ತಾನೇ ಮಗುಚಿ, ಬೆಳಿಗ್ಗೆ ಜೋಳಿಗೆಗಳಿದ್ದ ಜಾಗದಲ್ಲೇ ಬಿತ್ತು. ನೆಲ ನಡುಗಿತು. ಗಲ್ಲಿಯೆಲ್ಲ ಬಿಳಿ ಧೂಳು.

ಆ ಸದ್ದಿಗೆ ಬಾದಾಮಿ ಮರದ ಕೆಳಗಿನ ಕೂಸುಗಳೆಲ್ಲ ಎಚ್ಚೆತ್ತು ಒಟ್ಟಿಗೆ ಕಿರುಚಿ ಅಳಲು ಶುರುಮಾಡಿದವು. ಬೆಳಿಗ್ಗೆ ಬೈದಿದ್ದ ಆ ತಾಯಿ ತನ್ನದನ್ನು ಎತ್ತಿಕೊಳ್ಳಲು ಓಡಿಬಂದಳು. ಬಾಯಿ ಅವಳ ಕೈ ಹಿಡಿದರು. ದಿನವಿಡೀ ನೆಟ್ಟಗಿದ್ದ ಅವರ ಮುಖ ಆಗ ಒಡೆದಿತ್ತು, ಧೂಳು ಮೆತ್ತಿದ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು.

‘ಒಂಚೂರು ತಡಿಯಮ್ಮ’ ಎಂದರು. ‘ಅಳಲಿ. ಕೇಳಿಸ್ಕೋತೀನಿ.’